ಭಾವನವರು ಕೊಂಡ ಬೂದು ಬಣ್ಣದ ಕಾರು

ಕಳೆದ ವಾರ ಕಣ್ಣಿನ ಡಾಕ್ಟರರನ್ನು ನೋಡಲು ಇಲ್ಲೇ ಮದರಾಸಿನ ಅಡ್ಯಾರಿಗೆ ಹೊರಟಿದ್ದೆ. ಬಿಸಿಲಲ್ಲಿ ನಿಂತಿದ್ದ ಬಾಡಿಗೆ ಕಾರಿನ ಬಾಗಿಲು ತೆಗೆದೊಡನೆ ಕಾದ ರೆಕ್ಸಿನ್ನಿನ, ಪೆಟ್ರೋಲಿನ ವಾಸನೆ ಮುಖಕ್ಕೆ ಬಡಿಯಿತು. ಡ್ರೈವರ್ "ಉಕ್ಕಾರುಂಗಮ್ಮಾ" ಎಂದ. ನಾನು ಕೂರದೆ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟೆ... ಭಾವನವರು ನೆನಪಾಗಿದ್ದರು.

ಭಾವ ಅಂದರೆ ನನ್ನ ಗಂಡನ ಅಣ್ಣ. ಐವತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಮೈಸೂರಿನಿಂದ ಮದರಾಸಿಗೆ ಬಂದಾಗ ಅವರು ಪುದುಪೇಟೆಯಲ್ಲಿ ಹಳೆಯ ಕಾರುಗಳನ್ನು ಕೊಂಡು ಮಾರುವ ಸಣ್ಣ ವ್ಯಾಪಾರ ನಡೆಸುತ್ತಿದ್ದರು. ತಗಡಿನ ಶೆಡ್ಡು, ನಾಲ್ಕು ಕಾರು ನಿಂತರೆ ಐದನೆಯದಕ್ಕೆ ಜಾಗವಿಲ್ಲ. ಟೆಲಿಫೋನು ನೋಡಿಕೊಳ್ಳಲು, ಇಂಗ್ಲಿಷಿನಲ್ಲಿ ಕಾಗದ ಬರೆಯಲು ನಾನು ಮಧ್ಯಾಹ್ನದ ಹೊತ್ತು ಅಲ್ಲಿಗೆ ಹೋಗುತ್ತಿದ್ದೆ. ಹೊಸ ಕಾರಿಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಹಳೆಯದಕ್ಕೆ ಗಿರಾಕಿಗಳಿದ್ದರು. ಆದರೆ ತಪ್ಪು ಗಾಡಿ ಕೊಂಡರೆ ಅದು ಮಾರಾಟವಾಗುವುದಿಲ್ಲ, ಇನ್ನೊಂದಕ್ಕೆ ಜಾಗ ಬಿಡುವುದೂ ಇಲ್ಲ.

ಹಾಗಾಗಿ ಭಾವನವರು ಕಾರು ಆರಿಸುವುದೆಂದರೆ ಹೆಣ್ಣು ನೋಡಿದಷ್ಟು ನಿಧಾನ. ಅಮೆರಿಕದ ದೊಡ್ಡ ಗಾಡಿಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಪೆಟ್ರೋಲು ಕುಡಿಯುತ್ತವೆ, ಬಿಡಿಭಾಗಗಳು ಸಿಗುವುದಿಲ್ಲ. ಸಮುದ್ರದ ಹತ್ತಿರದ ಮನೆಗಳಿಂದ ಬಂದ ಗಾಡಿಯಾದರೆ ಬಾಗಿಲಿನ ಕೆಳಅಂಚನ್ನು ಬೆರಳಿನಿಂದ ಸವರಿ ತುಕ್ಕು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಗಳನ್ನೆಲ್ಲ ಏರಿಸಿ ಸುಮ್ಮನಿರುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದ್ದೆ.

"ದುಡ್ಡು ಕೊಡೋನು ಮುಂದೆ ಕೂರ್ತಾನೆ ತಾಯಿ. ಬೇಕು ಬೇಡ ಅನ್ನೋರು ಹಿಂದೆ ಕೂತಿರ್ತಾರೆ" ಎಂದು ನಕ್ಕಿದ್ದರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಕಾರಿನ ವ್ಯಾಪಾರಿಯ ಹೆಂಡತಿಯಾದರೂ ಅಕ್ಕ ಕಾರು ಹತ್ತುತ್ತಿರಲಿಲ್ಲ. ಬಸ್ಸು, ಇಲ್ಲವಾದರೆ ನಡಿಗೆ. ನನ್ನ ಮದುವೆಗೆ ಕೆಲವು ವರ್ಷ ಮೊದಲು ಅವರ ಒಬ್ಬಳೇ ಮಗಳಿಗೆ ಗಂಟಲಮಾರಿ ಬಂದಿತ್ತಂತೆ. ಬೀದಿಯವರೊಬ್ಬರ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲೇ, ಅಕ್ಕನ ತೊಡೆಯ ಮೇಲೆ, ಮಗು ಹೋಗಿಬಿಟ್ಟಿತು. ಅರ್ಧ ದಾರಿಯಿಂದ ಮನೆಗೆ ಹಿಂದಿರುಗಿದರಂತೆ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಒಂದು ಬೇಸಗೆಯ ಮಧ್ಯಾಹ್ನ ದಲ್ಲಾಳಿಯೊಬ್ಬ ಬೂದು ಬಣ್ಣದ ಇಂಗ್ಲಿಷ್ ಕಾರು ತಂದು ನಿಲ್ಲಿಸಿದ. "ನಲ್ಲ ವಂಡಿ ಸಾರ್, ಡಾಕ್ಟರ್ ಓಡಿಸಿದ್ದು" ಎಂದು ಹೊಗಳಿದ. ಬಾಗಿಲಿನ ಅಂಚು ತುಕ್ಕು ಹಿಡಿದು ಪುಡಿಯುದುರುತ್ತಿತ್ತು, ಟೈರು ಸವೆದಿತ್ತು. ಬೇಡವೆನ್ನುತ್ತಾರೆಂದು ನಾನು ತಲೆಯೆತ್ತದೆ ಕಾಗದ ಬರೆಯುತ್ತಿದ್ದೆ. ಭಾವನವರು ಹಿಂದೆ ಹತ್ತಿ ಕೂತರು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಕೊನೆಗೆ ಬೆವರಿನಲ್ಲಿ ತೊಯ್ದು ಇಳಿದು "ಇರ್ಲಿ ಬಿಡು" ಎಂದರು. ನನ್ನ ಗಂಡ "ಅಣ್ಣಾ, ಇದನ್ನ ಯಾರು ತಗೋತಾರೆ?" ಎಂದರೂ ಕೇಳಲಿಲ್ಲ.

ದಲ್ಲಾಳಿ ಹೋದ ಮೇಲೆ ನನ್ನನ್ನು ಕರೆದು ಎಡಗಡೆಯ ಹಿಂಬಾಗಿಲು ತೋರಿಸಿದರು. ಕಿಟಕಿ ಇಳಿಸುವ ಹಿಡಿ ಮುರಿದು ಮೊಂಡಾಗಿತ್ತು.

"ಮಗೂಗೆ ಗಾಳಿ ಬರ್ಲಿ ಅಂತ ತಿರುಗಿಸ್ದೆ. ನನ್ನ ಕೈಯಲ್ಲೇ ಮುರೀತು. ಅದೇ ಗಾಡಿ ತಾಯಿ... ಬಣ್ಣ ಬೇರೆ, ಅಷ್ಟೇ. ಮನೇಲಿ ಹೇಳ್ಬೇಡ."

ಕೆಲವು ದಿನಗಳ ನಂತರ ಮೈಲಾಪುರದ ದಂಪತಿಗಳು ಬಂದರು. ಗಂಡ ಇಂಜಿನ್ ನೋಡುತ್ತಿದ್ದ. ಹೆಂಡತಿ ಬೂದು ಕಾರಿನ ಹಿಂಬಾಗಿಲು ತೆಗೆದವಳು ಒಳಗೆ ಬಗ್ಗಿ, ಹಾಗೇ ಹಿಂದೆ ಸರಿದು, ಸದ್ದಾಗದಂತೆ ಬಾಗಿಲು ಮುಚ್ಚಿದಳು. ನನ್ನ ಕಡೆ ತಿರುಗಿ ಪಿಸುದನಿಯಲ್ಲಿ, "ಯಾರೋಡ ಕೊಳಂದೈ? ಇಂಥ ಸೆಕೆಯಲ್ಲಿ ಮಗುವನ್ನು ಯಾಕೆ ಮಲಗಿಸಿದ್ದೀರಿ?" ಎಂದಳು.

ನಾನು ಓಡಿ ಹೋಗಿ ನೋಡಿದೆ. ಸೀಟು ಖಾಲಿ ಇತ್ತು. ಅವಳೂ ಮತ್ತೆ ನೋಡಿದಳು. ಗಂಡನ ತೋಳು ಹಿಡಿದೆಳೆದುಕೊಂಡು ಹೊರಟೇಹೋದಳು.

ಇಂಥ ಮಾತು ಎಷ್ಟು ದಿನ ಗುಟ್ಟಾಗಿರುತ್ತದೆ? ಅಕ್ಕನ ಕಿವಿಗೆ ಯಾರು ಹಾಕಿದರೋ ತಿಳಿಯದು. ಆ ವಾರವೇ, ಬಿಸಿಲು ಏರುವ ಮೊದಲು, ಅಕ್ಕ ತಲೆ ಬಾಚಿ ಒಗೆದ ಸೀರೆಯುಟ್ಟು ಶೆಡ್ಡಿಗೆ ನಡೆದು ಬಂದರು. ಯಾರನ್ನೂ ಏನೂ ಕೇಳದೆ ಬೂದು ಕಾರಿನ ಹಿಂದೆ ಹತ್ತಿ, ಒಂದು ಬದಿಗೆ ಒತ್ತಿ ಕೂತರು.

"ರೀ, ಬಾಗಿಲು ಮೆಲ್ಲಗೆ ಹಾಕಿ. ಆಸ್ಪತ್ರೆಗೆ ನಡೀರಿ" ಎಂದರು.

ಭಾವನವರು ಸ್ಟಿಯರಿಂಗ್ ಹಿಡಿದರು. ನನ್ನನ್ನೂ ಬಾ ಎಂಬಂತೆ ನೋಡಿದರು. ನಾನು ಅವರ ಪಕ್ಕ ಕೂತೆ. ದಾರಿಯುದ್ದಕ್ಕೂ ಹಿಂದಿನಿಂದ ಅಕ್ಕನ ಬಳೆಗಳ ಸದ್ದು, ತಟ್ಟಿ ಮಲಗಿಸುವಾಗ ಬರುತ್ತದಲ್ಲ, ಹಾಗೆ. ತಡೆಯಲಾರದೆ ಒಮ್ಮೆ ತಿರುಗಿದೆ. ಅಕ್ಕನ ಮಡಿಲಲ್ಲಿ ಏನೂ ಇರಲಿಲ್ಲ. ಆದರೆ ಗಂಜಿ ಹಾಕಿದ ಆ ಸೀರೆ ತೊಡೆಯ ಮೇಲೆ ತಗ್ಗಾಗಿ ಕುಸಿದಿತ್ತು, ಭಾರವಾದದ್ದೇನೋ ಮಲಗಿದ್ದಂತೆ. ಮತ್ತೆ ತಿರುಗುವ ಧೈರ್ಯ ಬರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಅಕ್ಕ ಎರಡೂ ತೋಳು ಮಡಿಸಿ ಎದೆಗೊತ್ತಿಕೊಂಡು ಇಳಿದರು. ಜನರ ನಡುವೆ ದಾರಿ ಬಿಡಿಸಿಕೊಂಡು ಒಳಗೆ ಹೋದರು. ನಾವು ಕಾರಿನಲ್ಲೇ ಕಾದೆವು. ಹಿಂದಿರುಗುವಾಗ ಅವರ ಕೈಗಳು ಇಳಿಬಿದ್ದಿದ್ದವು. ಹತ್ತಿ ಕೂತು, ಬಾಗಿಲನ್ನು ಧಡಾರನೆ ಎಳೆದುಕೊಂಡರು.

"ತಲುಪಿಸ್ದೆ. ಇನ್ನು ಈ ಗಾಡಿ ಮಾರಿಬಿಡಿ."

ಬೂದು ಕಾರು ಆ ತಿಂಗಳೇ ಹೋಯಿತು, ಪ್ಯಾರೀಸ್ ಕಾರ್ನರಿನ ಒಬ್ಬ ಕಾಗದದ ವ್ಯಾಪಾರಿಗೆ. ಅಕ್ಕ ಆಮೇಲೆ ಎಲ್ಲರಂತೆ ಕಾರು ಹತ್ತಿದರು, ಬೀಚಿಗೂ ಹೋದರು. ಬದಲಾದವರು ಭಾವನವರು. ಕೊಳ್ಳುವ ಕಾರುಗಳ ಹಿಂದಿನ ಸೀಟಿನಲ್ಲಿ ಕೂರುವುದನ್ನು ಬಿಟ್ಟರು. ಒಂದು ದಿನ ಶೆಡ್ಡಿನಲ್ಲಿ ಇಬ್ಬರೇ ಇದ್ದಾಗ ತಾವಾಗಿಯೇ ಹೇಳಿದರು:

"ಆ ಗಾಡಿ ಇಲ್ಲಿದ್ದಷ್ಟು ದಿನ ದಿನಾ ಹತ್ತಿ ಕೂತೆ ತಾಯಿ. ದಾರೀಲಿ ಹೋಗೋಳಿಗೆ ಮಗಳು ಕಂಡ್ಳು, ಅವರಮ್ಮನ ಜೊತೆ ಬಂದ್ಳು... ನನಗೆ ಒಂದು ಉಸಿರೂ ಕೇಳಿಸ್ಲಿಲ್ಲ. ಅವತ್ತು ತಿರುಗಿ ನೋಡಿದ್ಯಲ್ಲ, ಏನಾದ್ರೂ ಕಾಣಿಸ್ತಾ?"

"ಅಕ್ಕನ ಸೀರೆ ಮಾತ್ರ ಕಾಣಿಸ್ತು ಭಾವ" ಎಂದೆ. ಅವರು ತಲೆಯಾಡಿಸಿ, ಚಿಂದಿ ಬಟ್ಟೆಯೊಂದನ್ನು ತೆಗೆದುಕೊಂಡು ಒರೆಸಿದ ಕಾರನ್ನೇ ಮತ್ತೆ ಒರೆಸತೊಡಗಿದರು.

ಭಾವನವರು ಹೋಗಿ ಬಹಳ ವರ್ಷಗಳಾದವು, ಅವರ ಹಿಂದೆಯೇ ಅಕ್ಕ. ನನ್ನ ಗಂಡನೂ ಈಗಿಲ್ಲ. ನಮ್ಮ ಮನೆಯ ಮಕ್ಕಳಿಗೆ ಹಾಗೊಬ್ಬಳು ಹುಡುಗಿ ಇದ್ದಳೆಂದೇ ತಿಳಿಯದು. ಅವಳ ಹೆಸರು ಗೊತ್ತಿರುವವಳು ಉಳಿದಿರುವುದು ನಾನೊಬ್ಬಳೇ. ಅವಳ ಮುಖವನ್ನು ನಾನೂ ನೋಡಿದವಳಲ್ಲ...