ಹನಿ ಅಂದರೆ ಮಳೆ

ನಂಬಲು ಆಗುತ್ತಿಲ್ಲ...

ಬೆಳಿಗ್ಗೆ ತೆರಕಣಾಂಬಿಯಿಂದ ಫೋನ್ ಬಂತು. ನನ್ನ ಗೆಳೆಯ ಟೈಲರ್ ಶಿವಮಲ್ಲುವಿನ ಮಗಳು ರಾಣಿ.

"ದೊಡ್ಡಪ್ಪಾ... ಅಪ್ಪ ಓಗ್ಬುಟ್ರು."

"ಎಲ್ಲಿಗ್ ಕಣಮ್ಮಿ? ಗುಂಡ್ಲುಪೇಟೆಗಾ?" ಅಂದೆ ನಾನು.

ದಾರ, ಗುಂಡಿ ತರಲು ವಾರಕ್ಕೊಮ್ಮೆ ಅವನು ಗುಂಡ್ಲುಪೇಟೆಗೆ ಹೋಗುತ್ತಿದ್ದ...
ಫೋನಿನಲ್ಲಿ ಬರೀ ಅಳು ಕೇಳಿಸಿತು.
ಆಗ ಅರ್ಥವಾಯಿತು.

ನಿದ್ದೆಯಲ್ಲೇ ಹೋದನಂತೆ. ಹಾರ್ಟ್ ಅಂತೆ.
ಮಧ್ಯಾಹ್ನ ಮಣ್ಣು ಮಾಡಿದೆವು.
ನನ್ನೂರು ಉಡಿಗಾಲಕ್ಕೆ ವಾಪಸ್ ಹೋಗುವ ಬಸ್ಸಿನಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ ಫ್ರೆಂಡ್ಸ್...
ಮನೆಗೆ ಹೋದರೆ ಹೇಳಿಕೊಳ್ಳಲು ಯಾರೂ ಇಲ್ಲ.

ಶಾಲೆಗಳಿಗೆ ಹೋಗಿ ಕತೆ ಹೇಳುತ್ತಿದ್ದವನು ನಾನು ಅಂತ ನಿಮಗೆಲ್ಲ ಗೊತ್ತು.
ನಮ್ಮ ಕಡೆ ಕತೆ ಹೇಳಬೇಕಾದರೆ ಎದುರಿಗೆ ಒಬ್ಬರು ಹೂಂಗುಟ್ಟಬೇಕು. ಒಂದೊಂದು ಮಾತಿಗೂ "ಹೂಂ" ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಂತೆ.
ನನಗೆ ಹೂಂಗುಟ್ಟುತ್ತಿದ್ದವಳು ನನ್ನ ಹೆಂಡತಿ ನೀಲಮ್ಮ. ಯಾವ ಹೊಸ ಕತೆಯಾದರೂ ಮೊದಲು ಅವಳಿಗೇ.
ಎರಡು ವರ್ಷದ ಕೆಳಗೆ ಅವಳು ಹೋದಳು...
ನನ್ನ ಬಾಯಿ ಕಟ್ಟಿಹೋಯಿತು. ಶಾಲೆಗಳ ಕಡೆ ತಲೆ ಹಾಕಲಿಲ್ಲ.

ಬಂದವರೆಲ್ಲ ಸಮಾಧಾನ ಹೇಳಿದರು. ಶಿವಮಲ್ಲು ಮಾತ್ರ ಬೈದ.
"ಕತೆ ಏಳಕ್ ಆಗ್ದಿದ್ರೆ ಬುಡ್ಲಾ. ನಾನ್ ಏಳ್ತೀನಿ. ನೀನು ಕುಂತ್ಕಂಡು ಹೂಂ ಅನ್ನು, ಸಾಕು."

ಅವನ ಕತೆಗಳು ಎಲ್ಲಿಂದ ಬರುತ್ತಿದ್ದವು ಗೊತ್ತಾ?
ಹಾಲಿವುಡ್ಡಿನಿಂದ!

ಯಾರೋ ಮದುವೆ ಗಂಡು ಹಳೇ ಕಾಲದ ಕೋಟು ಬೇಕು ಅಂದಿದ್ದನಂತೆ. ಅದರ ಕಟಿಂಗ್ ಹುಡುಕಲು ಹೋಗಿ ಫೋನಿನಲ್ಲಿ ಒಂದು ಬ್ಲ್ಯಾಕ್ ಅಂಡ್ ವೈಟ್ ಕಾಮಿಡಿ ಸಿಕ್ಕಿದೆ. ಕೋಟು ನೋಡಲು ಕೂತವನು ನಕ್ಕು ನಕ್ಕು ಕತ್ತರಿ ಕೆಳಗೆ ಹಾಕಿದ.
ಆಮೇಲೆ ಅದೇ ಹುಚ್ಚು.
ದೊಡ್ಡ ಹೆಸರಿನ ಸಿನಿಮಾ ಅವನಿಗೆ ಬೇಡ. ಲೋಕವೇ ಮರೆತ ಸಿನಿಮಾ ಬೇಕು.
"ಇದ ನೋಡ್ಲಾ, ನೋಡಿರೋರು ಇನ್ನೂರೇ ಜನ. ಅದ್ರಲ್ಲಿ ನಲವತ್ತು ಸಲ ನಾನೇ."

ಶುಕ್ರವಾರ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು, ಮೆಷಿನ್ನಿಗೆ ಫೋನ್ ಒರಗಿಸಿ ಕೂರುತ್ತಿದ್ದೆವು.
ಎಂಥಾ ಸಿನಿಮಾಗಳು ಅವು...
ಸಾಹುಕಾರನ ಮಗಳು ಬಂದು ಪಾತ್ರೆ ತೊಳೆಯುತ್ತಾಳೆ. ಜಡ್ಜ್ ಸಾಹೇಬರು ಕೋಳಿ ತಬ್ಬಿಕೊಂಡು ಬೀರುವಿನಲ್ಲಿ ಅವಿತುಕೊಳ್ಳುತ್ತಾರೆ. ಗಂಡು ಹೆಣ್ಣು ಎದುರುಬದುರು ನಿಂತರೆ ಮಾತಿಗೆ ಮಾತು, ಉಸಿರು ತೆಗೆದುಕೊಳ್ಳುವುದೇ ಇಲ್ಲ. ಜಗಳ ಆಡಿ ಆಡಿಯೇ ಪ್ರೀತಿ ಮಾಡುತ್ತಾರೆ.
ಆ ಸ್ಪೀಡಿನ ಇಂಗ್ಲಿಷ್ ನನ್ನ ಕಿವಿಗೆ ಸಿಗುತ್ತಿರಲಿಲ್ಲ. ಏಳನೇ ಕ್ಲಾಸ್ ಓದಿದ ಶಿವಮಲ್ಲು ಎಲ್ಲರ ಮಾತನ್ನೂ ತೆರಕಣಾಂಬಿ ಮಾತಿನಲ್ಲಿ ಆಡಿ ತೋರಿಸುತ್ತಿದ್ದ. ಹೆಂಗಸರ ದನಿ ಸಮೇತ.

ಅದರಲ್ಲಿ ಹೆಂಡತಿಯರು ಗಂಡಂದಿರನ್ನು "ಹನಿ, ಹನಿ" ಅನ್ನುತ್ತಿದ್ದರು...

"ಹನಿ ಅಂದ್ರೆ ಏನ್ಲಾ?"
"ಮಳೆ ಕಣ್ಲಾ! ಹನಿ ಬೀಳ್ತಾವೆ, ಛತ್ರಿ ಯಾಕ್ ತರ್ನಿಲ್ಲ ಅಂತ ಉಗೀತಾವ್ಳೆ."
"ಮನೆ ಒಳಗ್ ಕುಂತವ್ರಲ್ಲೋ!"
"ಸೋರೋ ಮನೆ ಕಣ. ನೀನು ಹೂಂ ಅನ್ನು."

ನೀಲಮ್ಮ ಹೋದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಅವತ್ತು.

ಹನಿ ಅಂದರೆ ಜೇನು, ಅದು ಮುದ್ದಿನ ಮಾತು ಅಂತ ಮಾರನೇ ವಾರವೇ ಪಕ್ಕದ ಮನೆಯ ಟೀಚರಮ್ಮ ಹೇಳಿದರು. ನಾನು ಅವನಿಗೆ ಹೇಳಲಿಲ್ಲ. ಪಾಪ, ಬೇಜಾರು ಮಾಡಿಕೊಳ್ಳುತ್ತಾನೆ... ಏನೂ ಗೊತ್ತಿಲ್ಲದವನ ಹಾಗೆ ಹೂಂಗುಟ್ಟುತ್ತಾ ಹೋದೆ.

ಇವತ್ತು ಎಲ್ಲ ಮುಗಿದ ಮೇಲೆ ರಾಣಿ ಅಂಗಡಿಯ ಅಳತೆ ಬುಕ್ಕು ತಂದು ಕೈಗಿಟ್ಟಳು.

"ಇದು ನಿಮ್ದೇ ದೊಡ್ಡಪ್ಪಾ. ನೀವ್ ಬರೋ ಹಿಂದಿನ್ ದಿವ್ಸ ಡಿಕ್ಷನರಿ ಇಟ್ಕಂಡು ಬರೀತಿದ್ರು. ನಿಮ್ಗೆ ಏಳ್ಬ್ಯಾಡ ಅಂದಿದ್ರು."

ಎದೆ, ಸೊಂಟ, ತೋಳಿನ ಅಳತೆಗಳ ಮಧ್ಯೆ ಸಿನಿಮಾದ ಮಾತುಗಳು. ಒಂದೊಂದಕ್ಕೂ ಸರಿಯಾದ ಅರ್ಥ.
ಒಂದು ಕಡೆ ಪೆನ್ಸಿಲ್ಲಿನಲ್ಲಿ ಬರೆದಿದ್ದ...

"ಹನಿ: ಜೇನು. ಹೆಂಡತಿ ಗಂಡನನ್ನು ಪ್ರೀತಿಯಿಂದ ಕರೆಯುವುದು. ಇವನ ಹತ್ತಿರ ಬೇಡ. ಮಳೆ ಅನ್ನಬೇಕು."

ಲೇ ಶಿವಮಲ್ಲು...
ನಿನಗೆ ಗೊತ್ತಿತ್ತೇನ್ಲಾ...
ನನಗೂ ಗೊತ್ತಿತ್ತು. ನಿನ್ನ ಮುಖ ನೋಡಿ ನಾನು ಸುಮ್ಮನಿದ್ದೆ, ನನ್ನ ಮುಖ ನೋಡಿ ನೀನು ಸುಮ್ಮನಿದ್ದೆ.

ಹೋದ ಶುಕ್ರವಾರ ಒಂದನ್ನು ಅರ್ಧ ನೋಡಿದೆವಲ್ಲ... ಜಗಳ ಆಡಿ ಬೇರೆಯಾದ ಗಂಡ ಹೆಂಡತಿ. ಒಂದೇ ಬಂಗಲೆಗೆ ಅವಳು ಅಡುಗೆಗೆ, ಅವನು ಡ್ರೈವರ್ ಕೆಲಸಕ್ಕೆ ಸೇರಿ, ಒಬ್ಬರಿಗೊಬ್ಬರು ಗುರುತೇ ಇಲ್ಲ ಅನ್ನುವ ಹಾಗೆ ಆಡುತ್ತಾರಲ್ಲ, ಅದು. "ನಿಮ್ಮಿಬ್ಬರಿಗೂ ಮೊದಲೇ ಪರಿಚಯವಾ?" ಅಂತ ಮನೆ ಯಜಮಾನಿ ಕೇಳುವ ಹೊತ್ತಿಗೆ ಯಾರೋ ಬ್ಲೌಸ್ ಕೇಳಿಕೊಂಡು ಬಂದರು.
"ಮಿಕ್ಕಿದ್ದ ಬರೋ ವಾರ ನೋಡನ ಬುಡ್ಲಾ" ಅಂದೆ ನೀನು.
ನಿನ್ನ ಬುಕ್ಕೂ ಅಲ್ಲಿಗೇ ನಿಂತಿದೆ. ಮುಂದಿನ ಪುಟ ಖಾಲಿ.

ಅದರ ಮಿಕ್ಕ ಭಾಗವನ್ನು ಈಗ ಈ ಬಸ್ಸಿನಲ್ಲೇ ಹಾಕಿದೆ ಕಣೋ...
ಇಬ್ಬರೂ ಪಟಪಟ ಮಾತಾಡಿದರು. ನಾನು ಅಭ್ಯಾಸದ ಮೇಲೆ "ಹೂಂ" ಅಂದೆ.
ಆ ಕಡೆಯಿಂದ ನಿನ್ನ ದನಿ ಬರಲಿಲ್ಲ.
ಅವಳು ಮೆಲ್ಲಗೆ "ಹನಿ" ಅಂದಳು.
ಪಕ್ಕದ ಸೀಟಿನ ಅಜ್ಜಿ ಫೋನಿಗೆ ಬಗ್ಗಿ ಕೇಳಿದರು,
"ಏನಪ್ಪಾ ಅಂತಾವ್ಳೆ ಅವ್ಳು?"

ಬಾಯಿಗೆ ಬಂದದ್ದು ನಿನ್ನ ಮಾತೇ...
"ಮಳೆ ಕಣವ್ವ. ಛತ್ರಿ ಯಾಕ್ ತರ್ನಿಲ್ಲ ಅಂತ ಉಗೀತಾವ್ಳೆ."

"ಹೂಂ... ಆಮ್ಯಾಕೆ?" ಅಂದರು ಅಜ್ಜಿ.

ಎರಡು ವರ್ಷದ ಮೇಲೆ ಒಬ್ಬರು ನನಗೆ ಹೂಂ ಅಂದರು ಕಣೋ. ಆಮೇಲೆ ಏನು ಅಂತ ಹೇಳಲು ಹೋದೆ... ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಅವರು ಇಳಿದುಹೋದರು.
ಸೀಟು ಖಾಲಿ ಇದೆ.

ಹೋಗಿ ಬಾರೋ...
ಅಲ್ಲಿ ನೀಲಮ್ಮ ಸಿಕ್ಕರೆ, ಹನಿ ಅಂದರೆ ಏನು ಅಂತ ಅವಳಿಗೆ ಮಾತ್ರ ಸರಿಯಾಗಿ ಹೇಳು.
ಶಿವನ ಪಾದದಲ್ಲಿ ನಿನ್ನ ಜೀವ ತಣ್ಣಗಿರಲಿ ಗೆಳೆಯಾ...