ಐದನೇ ಕಂತಿನ ಭಾನುವಾರ

ಮೊನ್ನೆ ಬ್ರೂಕ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಶ್ಯದ ವಾಸನೆ ಬಂತು. ಯಾರೋ ಮುದುಕರು ಆಗಷ್ಟೇ ಇಳಿದು ಹೋಗಿದ್ದರು. ನಾನು ಮೂರನೇ ಮಹಡಿಯಲ್ಲೇ ಇಳಿದು ಮೆಟ್ಟಿಲು ಹತ್ತಿದೆ. ಆ ವಾಸನೆ ಅಂದರೆ ನನಗೆ ಪೀಣ್ಯದ ಫೋರ್‌ಮನ್ನರು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನನಗೆ ಮದುವೆಯಾದ ಹೊಸತು. ಪೀಣ್ಯದ ಕಾರ್ಖಾನೆಗಳ ಹಿಂದಿನ ಬಡಾವಣೆಯಲ್ಲಿ ನಮ್ಮ ಬಾಡಿಗೆ ಮನೆ, ಎದುರಿಗೆ ಅವರ ಸ್ವಂತ ಮನೆ. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿದ್ದರೂ ಪುಣ್ಯಾತ್ಮ ದರ್ಬಾರು ಬಿಟ್ಟಿರಲಿಲ್ಲ. ಬಡಾವಣೆಯ ಸಂಘಕ್ಕೆ ಅವರೇ ಅಧ್ಯಕ್ಷರು. ನಮಗೆಲ್ಲ ನೀರು ಬರುತ್ತಿದ್ದುದು ಸಂಘದ ಬೋರ್‌ವೆಲ್ಲಿನಿಂದ, ಮೋಟರ್ ರೂಮಿನ ಬೀಗದ ಕೈ ಇರುತ್ತಿದ್ದುದು ಅವರ ಜೇಬಿನಲ್ಲಿ.

ಆ ವರ್ಷ ಟೀವಿಯಲ್ಲಿ ಐದು ಭಾನುವಾರ ಬೆಳಿಗ್ಗೆ ಒಂದು ಇಂಗ್ಲಿಷ್ ಧಾರಾವಾಹಿ ಹಿಂದಿಯಲ್ಲಿ ಬಂತು. ಅನ್ಯಗ್ರಹದವರು ಮನುಷ್ಯರ ವೇಷದಲ್ಲಿ ಒಂದು ಊರು ಹೊಕ್ಕು, ದವಸದ ಗೋದಾಮಿಗೆ ಬೀಗ ಜಡಿದು ಊರಿನವರನ್ನೇ ಕ್ಯೂ ನಿಲ್ಲಿಸುತ್ತಾರೆ. ಊರಿನವರು ತಿರುಗಿ ಬೀಳುತ್ತಾರೆ... ಕರೆಂಟು ಹೋದರೂ ಬ್ಯಾಟರಿಯಲ್ಲಿ ಟೀವಿ ನಡೆಯುತ್ತಿದ್ದುದು ಫೋರ್‌ಮನ್ನರ ಮನೆಯಲ್ಲಿ ಮಾತ್ರ. ಹಾಗಾಗಿ ಅಕ್ಕಪಕ್ಕದವರೆಲ್ಲ ಅಲ್ಲೇ ಠಿಕಾಣಿ.

ಮೂಗಿಗೆ ನಶ್ಯ ಏರಿಸುತ್ತಾ ಅವರು ಕಿಟಕಿಯಾಚೆ ಕೈ ತೋರಿಸುತ್ತಿದ್ದರು. ಅಲ್ಲಿ ಶೀಟಿನ ಮನೆಗಳು. ಯಾದಗಿರಿ ಕಡೆಯಿಂದ ಬಂದ ಕೂಲಿಯವರು ಇದ್ದರು.

“ನೋಡ್ರಮ್ಮ, ಬರೋವಾಗ ಹಿಂಗೇ ನಗ್ತಾ ನಗ್ತಾ ಬರ್ತಾರೆ. ಆಮೇಲೆ ಊರೇ ಅವರ್ದು!”

ಆಹಾ, ಏನು ಮಾತು! ತಾವೂ ಒಂದು ಕಾಲದಲ್ಲಿ ಟ್ರಂಕು ಹೊತ್ತು ಇದೇ ಪೀಣ್ಯಕ್ಕೆ ಬಂದಿಳಿದವರು.

ಮೂರನೇ ಕಂತು ಮುಗಿದ ವಾರ ಸಂಘದ ಹೊಸ ಕಾನೂನು ಬಂತು. ಶೀಟಿನ ಮನೆಗಳ ನಲ್ಲಿಗೆ ದಿನ ಬಿಟ್ಟು ದಿನ ನೀರು, ಅದೂ ಸಂಜೆ ಮಾತ್ರ. ನಾವು ಯಾರೂ ತುಟಿ ಪಿಟಕ್ ಎನ್ನಲಿಲ್ಲ. ನಮ್ಮ ನಲ್ಲಿಯಲ್ಲಿ ನೀರು ಜೋರಾಗಿತ್ತಲ್ಲ...

ಐದನೇ ಕಂತಿನ ದಿನ ಶೀಟಿನ ಮನೆಯ ಒಬ್ಬಳು ಗೇಟಿನ ಹತ್ತಿರ ಬಂದು ನಿಂತಳು. ನನಗಿಂತ ಚಿಕ್ಕವಳು. ಎಷ್ಟೋ ಸಲ ನನಗೆ ಬಿಸಿ ರೊಟ್ಟಿ ತಂದುಕೊಟ್ಟವಳು. ಹೆಗಲ ಮೇಲೆ ಕೂಸು ಜೋತುಬಿದ್ದಿತ್ತು, ಕಂಕುಳಲ್ಲಿ ಖಾಲಿ ಕೊಡ.

“ಅಕ್ಕಾ, ಕೂಸಿನ ಮೈ ಸುಡ್ಲಕತ್ತದ್ರಿ. ಒಂದು ಕೊಡ ನೀರು ಬಿಡಸ್ರಿ.”

ಫೋರ್‌ಮನ್ನರು ಟೀವಿಯಿಂದ ಕಣ್ಣು ಕೀಳಲಿಲ್ಲ. “ಸಂಜೆ ಬಾರಮ್ಮ” ಎಂದರು. ಅವಳು ಕದಲಲಿಲ್ಲ. ಆಗ ಅವರು ರೇಗಿ, ಬೀಗದ ಕೈ ತೆಗೆದು ನನ್ನ ಮಡಿಲಿಗೆ ಎಸೆದರು.

“ನಿನ್ ಫ್ರೆಂಡ್ ತಾನೆ? ನೀನೇ ಹೋಗಿ ಬಿಡಮ್ಮ, ತಲೆ ತಿನ್ಬೇಡಿ.”

ಅಷ್ಟರಲ್ಲಿ ಟೀವಿಯಲ್ಲಿ ಊರಿನವರು ಗೋದಾಮಿನ ಬೀಗ ಒಡೆಯಲು ಹೊರಟಿದ್ದರು. ಎರಡೇ ನಿಮಿಷ ಎಂದುಕೊಂಡೆ. ಬೀಗ ಒಡೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕಣ್ಣಲ್ಲಿ ನೀರು ಬೇರೆ. ಕಂತು ಮುಗಿದು ಹೆಸರುಗಳು ಓಡಲು ಶುರುವಾದ ಮೇಲೆ ಎದ್ದೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ.

ಮೋಟರ್ ಹಾಕಿ, ನಾನೇ ಒಂದು ಕೊಡ ತುಂಬಿಸಿಕೊಂಡು ಅವಳ ಮನೆಗೆ ಓಡಿದೆ. ಬಾಗಿಲಿಗೆ ಬೀಗ. ಕೂಸನ್ನು ಎತ್ತಿಕೊಂಡು ಮೇನ್ ರೋಡಿನ ಕಡೆ ಓಡಿದಳು ಎಂದರು ಪಕ್ಕದವರು. ಎರಡು ದಿನ ಬಿಟ್ಟು ಗಂಡ ಒಬ್ಬನೇ ಬಂದು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೋದ. ಕೂಸು ಹೇಗಿದೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವನೂ ಯಾರ ಮುಖವನ್ನೂ ನೋಡಲಿಲ್ಲ.

ಪೀಣ್ಯ ಬಿಟ್ಟ ಮೇಲೆ ಈ ಕತೆಯನ್ನು ಎಷ್ಟು ಜನರಿಗೆ ಹೇಳಿದ್ದೇನೋ. ಜ್ವರದ ಕೂಸಿಗೆ ನೀರು ಬಿಡದ ಪಾಪಿ ಎಂದು ಫೋರ್‌ಮನ್ನರಿಗೆ ಹಿಡಿಶಾಪ ಹಾಕಿದ್ದೇನೆ. ಬೀಗದ ಕೈ ನನ್ನ ಮಡಿಲಲ್ಲಿತ್ತು ಎಂದು ಮಾತ್ರ ಹೇಳಿದ್ದಿಲ್ಲ, ನನ್ನ ಗಂಡನೊಬ್ಬನ ಹೊರತು.

ನಿನ್ನೆ ಅವರ ಸೊಸೆ ಫೋನ್ ಮಾಡಿದಳು. ಫೋರ್‌ಮನ್ನರು ಹೋಗಿಬಿಟ್ಟರಂತೆ. ಅಳು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಗಂಡನಿಗೆ ಹೇಳಿದೆ. ಅವನು ಪೇಪರ್ ಮಡಿಸಿಟ್ಟು ನನ್ನನ್ನೇ ನೋಡಿದ.

“ಇನ್ಮೇಲೆ ಯಾರನ್ನ ಬೈತೀಯ?”