ಮುಖ ತೊಳೆಯುವವರೆಗೆ

ಗಣಿಯ ಭರಾಟೆಯ ಆ ದಿನಗಳಲ್ಲಿ ಹೊಸಪೇಟೆಯ ನಮ್ಮ ಓಣಿಯಲ್ಲಿ ಉಣ್ಣುವ ತಟ್ಟೆಯ ಮೇಲೂ ಕೆಂಪು ಧೂಳು ಕೂರುತ್ತಿತ್ತು. ಎದುರು ಮನೆಯವರು ಸಂಡೂರಿನಿಂದ ಅದಿರು ಸಾಗಿಸುವ ಲಾರಿಯ ಡ್ರೈವರ್. ಮನೆಗೆ ಬಂದವರೇ ಅಂಗಳದ ನಲ್ಲಿಗೆ ಹೋಗಿ ಮುಖ ತೊಳೆಯುವರು. ಅಲ್ಲಿಯವರೆಗೆ ಯಾರೊಂದಿಗೂ ಮಾತಿಲ್ಲ, ಹೆಂಡತಿಯೊಂದಿಗೂ.

"ರೋಡಿನ ಸಿಟ್ಟು ರೋಡಿನಾಗ ಇರ್ಲಿ ಬಿಡ್ರಿ, ಮನಿಗ್ಯಾಕ?" ಎನ್ನುವರು.

ಓಣಿಗೆಲ್ಲ ಗೊತ್ತಿದ್ದ ಈ ನೇಮ ಕಂಪ್ಲಿಯಲ್ಲಿದ್ದ ಅವರ ತಮ್ಮನಿಗೆ ಗೊತ್ತಿರಲಿಲ್ಲ. ಜಗಳವಾಡಿ ಮಾತು ಬಿಟ್ಟಿದ್ದ ಆತ ಒಂದು ಸಂಜೆ ತಾನಾಗಿಯೇ ಬಂದು ಕಟ್ಟೆಯ ಮೇಲೆ ಕಾದ. ಲಾರಿಯಿಂದ ಇಳಿದವರನ್ನು ಕಂಡು "ಅಣ್ಣಾ" ಎಂದ. ಇವರು ತುಟಿ ಬಿಗಿದು, ಅವನನ್ನು ದಾಟಿ ನಲ್ಲಿಗೆ ನಡೆದರು. ಸೋಪು ಹಚ್ಚಿ ಎಂದಿಗಿಂತ ಹೆಚ್ಚು ಹೊತ್ತು ಉಜ್ಜಿದರು. ಹಳೆಯ ಸಿಟ್ಟನ್ನೂ ತೊಳೆಯಬೇಕಿತ್ತಲ್ಲ. ತಿರುಗಿದರೆ ಕಟ್ಟೆ ಖಾಲಿ.

"ಎಲ್ಲಿ ಹೋದನ್ರೀ?" ಎಂದು ನೀರಿಳಿಯುವ ಮುಖದಲ್ಲೇ, ನಮ್ಮ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕೇಳಿದರು.

"ಅಣ್ಣನ ಸಿಟ್ಟು ಇನ್ನಾ ಇಳಿದಿಲ್ಲ ಅಂತ ಆಟೋ ಹತ್ತಿಬಿಟ್ರು. ನಾ ನಿಮ್ಮ ನೇಮ ಹೇಳೋದ್ರಾಗ ಆಟೋ ಹೋಗೇಬಿಡ್ತು."

ಇವರು ಕಂಪ್ಲಿಗೆ ಹೋದರೆ ಆತ ಬಾಗಿಲು ತೆರೆಯಲಿಲ್ಲ.

ಆಮೇಲೂ ಅವರು ನೇಮ ಬಿಡಲಿಲ್ಲ. ಆದರೆ ಲಾರಿ ಇಳಿಯುತ್ತಲೇ ಜೋರಾಗಿ ಕೂಗುವರು: "ಕುಂದ್ರು, ಬಂದೆ!"

ಕಟ್ಟೆಯ ಮೇಲೆ ಯಾರೂ ಇರುತ್ತಿರಲಿಲ್ಲ.